ಕುಶಲಕ್ಕ ಹೊಲಿದ ಹುಲಿ

ಜೆಪ್ಪುವಿನ ನಮ್ಮ ಓಣಿಯಲ್ಲಿ ಕುಶಲಕ್ಕನನ್ನು ‘ಕುಶಲವೇ?’ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಕೇಳಿದರೆ ಹೇಳುತ್ತಾರೆ. ಅವರ ಮೊಣಕಾಲಿನ ಕುಶಲ, ಮಗನ ಸ್ಕೂಟರಿನ ಕುಶಲ, ಎದುರುಮನೆ ಬಾವಿಯ ಕುಶಲ ಎಲ್ಲ ಮುಗಿಯುವ ಹೊತ್ತಿಗೆ ನೀವು ಹೊಲಿಸಲು ತಂದ ಬಟ್ಟೆಯ ಫ್ಯಾಶನ್ ಹಳತಾಗಿರುತ್ತದೆ.

ಅವರು ಟೈಲರ್. ಮನೆಯ ಜಗಲಿಯೇ ಅಂಗಡಿ. ಬೋರ್ಡು ಇಲ್ಲ, ಬೇಕಾಗಿಯೂ ಇಲ್ಲ. ಅವರ ಸ್ವರ ಮುಖ್ಯರಸ್ತೆಯವರೆಗೆ ಕೇಳುತ್ತದೆ. ರವಿಕೆ, ಚೂಡಿದಾರ, ಇಗರ್ಜಿಯ ಮದುವೆಗೆ ಉದ್ದನೆಯ ಗೌನು, ಶಾಲೆಯ ಯೂನಿಫಾರ್ಮ್, ಎಲ್ಲದಕ್ಕೂ ಒಂದೇ ಹೆಸರು ಕುಶಲಕ್ಕ. ಬೇರೆ ಟೈಲರುಗಳು ಹೊಲಿಗೆ ಮೆಷಿನನ್ನು ಬೆಳಕು ಬೀಳುವ ಕಿಟಕಿಯ ಬಳಿ ಇಟ್ಟುಕೊಳ್ಳುತ್ತಾರೆ. ಕುಶಲಕ್ಕನ ಮೆಷಿನ್ ಮಾತ್ರ ಮನೆಯ ಒಳಗೆ, ಬಾತ್‌ರೂಮಿನ ಬಾಗಿಲಿಗೆ ತಾಗಿ, ಹಗಲಲ್ಲೂ ಬಲ್ಬು ಹಾಕಬೇಕಾದ ಮೂಲೆಯಲ್ಲಿದೆ. ಹೊಸ ಗಿರಾಕಿಗಳು ಇದನ್ನು ಕಂಡು ವಾಸ್ತು ಎಂದುಕೊಳ್ಳುತ್ತಾರೆ.

ವಾಸ್ತು ಅಲ್ಲ, ವಾತ್ಸಲ್ಯ. ಮೊಮ್ಮಗಳು ನಿರೀಕ್ಷಾ ಒಳಗೆ ಹೋಗಿ ಚಿಲಕ ಹಾಕಿದಳೆಂದರೆ ಕುಶಲಕ್ಕ ಹೊರಗೆ ಮೆಷಿನ್ ತುಳಿಯಲು ಶುರು ಮಾಡುತ್ತಾರೆ. ಟಕಟಕಟಕ ಎಂಬ ಆ ಸದ್ದು ಹುಡುಗಿ ಹೊರಗೆ ಬರುವವರೆಗೂ ನಿಲ್ಲುವುದಿಲ್ಲ. ಒಳಗಿನ ಒಂದೇ ಒಂದು ಶಬ್ದ ಜಗಲಿಯಲ್ಲಿ ಕುಳಿತ ಗಿರಾಕಿಯ ಕಿವಿಗೆ ಬೀಳಬಾರದು. ಐದನೇ ಕ್ಲಾಸಿನ ಹುಡುಗಿಯ ಮಾನ ದೊಡ್ಡವರ ಮಾನಕ್ಕಿಂತ ತೆಳು ಬಟ್ಟೆಯದ್ದು, ಬೇಗ ಹರಿಯುತ್ತದೆ ಎಂದು ಟೈಲರಿಗೆ ಗೊತ್ತಿರದೆ ಇರುತ್ತದೆಯೇ? ಅವಳ ಹೊಟ್ಟೆಯ ಕಾಯಿಲೆ ಜೋರಾಗಿದ್ದ ವರ್ಷ ನಮ್ಮ ಓಣಿಯ ರವಿಕೆಗಳಿಗೆಲ್ಲ ಹೊಲಿಗೆಯ ಮೇಲೆ ಹೊಲಿಗೆ ಬಿದ್ದಿತ್ತು. ಆಗ ಹೊಲಿಸಿದ ಒಂದು ರವಿಕೆಯ ಹೊಲಿಗೆಯೂ ಇವತ್ತಿನವರೆಗೆ ಬಿಟ್ಟಿಲ್ಲ. ನಡುವೆ ದಪ್ಪಗಾದವರು, ಬಿಚ್ಚಿ ಅಗಲ ಮಾಡಲಾಗದೆ, ಈಗಲೂ ಶಾಪ ಹಾಕುತ್ತಿರುತ್ತಾರೆ.

ಕಾಯಿಲೆಯ ಹೆಸರು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಮೈಯಲ್ಲಿ ಹುಣ್ಣು, ಹೊಟ್ಟೆ ಹಿಂಡುವ ನೋವು, ರಕ್ತ, ಮತ್ತೆ ಮತ್ತೆ ಬಾತ್‌ರೂಮಿಗೆ ಓಟ. ಇದು ಯಾಕೆ ಬರುತ್ತದೆಂದು ಡಾಕ್ಟರುಗಳಿಗೇ ಖಚಿತವಾಗಿ ಗೊತ್ತಿಲ್ಲ. ಹಾಗಾಗಿ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೋಬಿ ಮಂಚೂರಿ ಎಂದವರುಂಟು, ಮೊಬೈಲು ಎಂದವರುಂಟು, ಯಾರದೋ ಹೊಟ್ಟೆಕಿಚ್ಚು ಈ ಹೊಟ್ಟೆಗೆ ಹತ್ತಿಕೊಂಡಿತು ಎಂದವರೂ ಉಂಟು. ದಾಳಿಂಬೆ ಸಿಪ್ಪೆಯನ್ನು ಮಜ್ಜಿಗೆಯಲ್ಲಿ ಅರೆದು ತಂದವರನ್ನು ಕುಶಲಕ್ಕ ಕೂರಿಸಿ, ಚಾ ಕೊಟ್ಟು, ಅವರು ಹೋದ ಮೇಲೆ ಆ ಮಜ್ಜಿಗೆಯನ್ನು ಬಾಳೆಯ ಬುಡಕ್ಕೆ ಸುರಿಯುತ್ತಿದ್ದರು. ಆ ಬಾಳೆಗೆ ಹೊಟ್ಟೆಯ ತೊಂದರೆ ಇವತ್ತಿನವರೆಗೆ ಬಂದಿಲ್ಲ.

ಕೊಲೈಟಿಸ್ ಎಂಬ ಶಬ್ದ ಮಾತ್ರ ಅವರ ನಾಲಗೆಗೆ ಹೊಂದಲಿಲ್ಲ. “ಮಗುವಿಗೆ ಕೋಲಾಟ ಮಾರಾಯ್ತಿ” ಎನ್ನುತ್ತಿದ್ದರು. ಮೇಲಿನ ಮನೆಯ ಆನಿ ಬಾಯಿ, ಹುಡುಗಿ ಡ್ಯಾನ್ಸ್ ಕ್ಲಾಸಿಗೆ ಸೇರಿದ್ದಾಳೆ ಎಂದುಕೊಂಡು ಒಂದು ತಿಂಗಳು ಅಭಿನಂದನೆ ಹೇಳಿದ್ದರು. ಸ್ಟಿರಾಯ್ಡ್ ಮಾತ್ರೆಯಿಂದ ನಿರೀಕ್ಷಾಳ ಮುಖ ಹುಣ್ಣಿಮೆ ಚಂದ್ರನ ಹಾಗೆ ಊದಿಕೊಂಡಾಗಲಂತೂ ಬಂದ ನೆಂಟರೆಲ್ಲ, “ಎಷ್ಟು ಲಾಯ್ಕ ತೋರ ಆಗಿದ್ದಾಳೆ! ಎಂತ ತಿನ್ನಿಸ್ತೀರಿ?” ಎಂದು ಕೇಳಿ ಹೋದರು. ಬಡಕಲಾದಾಗ ಕಾಯಿಲೆ ಕಂಡಿತು, ಊದಿದಾಗ ಆರೋಗ್ಯ ಕಂಡಿತು. ಹುಡುಗಿ ಒಳಗೆ ಹೋಗಿ ಕನ್ನಡಿಗೆ ಟವೆಲು ಹೊದೆಸಿ ಬಂದದ್ದು ಅಜ್ಜಿಗೆ ಮಾತ್ರ ಕಂಡಿತು.

ಕರುಳು ಎಂಬುದು ನಮ್ಮಲ್ಲಿ ಡಬಲ್ ಡ್ಯೂಟಿ ಮಾಡುವ ಪದ. ಅನ್ನವನ್ನೂ ಅದೇ ಅರಗಿಸಬೇಕು, ಮಮತೆಯನ್ನೂ ಅದೇ ಹೊರಬೇಕು. ಹಾಗೆ ನೋಡಿದರೆ ದೊಡ್ಡ ಕರುಳಿನ ಕಾಯಿಲೆ ಆ ಮನೆಯಲ್ಲಿ ಇಬ್ಬರಿಗಿತ್ತು.

ಹರಕೆ ಹುಟ್ಟಿದ್ದು ಆ ದಿನಗಳಲ್ಲೇ. ಹುಟ್ಟಿದ್ದು ಗುಡಿಯಲ್ಲಲ್ಲ, ನಂತೂರಿನ ಟ್ರಾಫಿಕ್ಕಿನಲ್ಲಿ. ನೆಂಟರ ಮದುವೆ ಮುಗಿಸಿ ಬರುವಾಗ ಮಗುವಿಗೆ ಹೊಟ್ಟೆನೋವು ಎದ್ದಿತು. ಮಗ ಯೋಗೀಶ್ ಯಾರದೋ ಕಾರನ್ನು ಬೇಡಿ ತಂದು ಆಸ್ಪತ್ರೆಗೆ ಬಿಡುತ್ತಿದ್ದ. ನಂತೂರು ಸರ್ಕಲಿನಲ್ಲಿ ಎದುರು ಗ್ಯಾಸ್ ಟ್ಯಾಂಕರ್, ಹಿಂದೆ ಬಸ್ಸು, ಎಡಕ್ಕೆ ಕಂಟೇನರ್. ಕಾರು ಅಲ್ಲಾಡಲಿಲ್ಲ. ಹಿಂದಿನ ಸೀಟಿನಲ್ಲಿ ಸೊಸೆ ಪ್ರಣೀತಾಳ ಮಡಿಲಲ್ಲಿ ಮಗು ಮುದುಡಿಕೊಂಡು, “ಅಮ್ಮಾ, ಆಗುದಿಲ್ಲ, ಆಗುದಿಲ್ಲ” ಎನ್ನುತ್ತಿತ್ತು. ನಂತೂರಿನಲ್ಲಿ ನಾಸ್ತಿಕರೂ ದೇವರನ್ನು ನೆನೆಯುತ್ತಾರೆ. ಕುಶಲಕ್ಕ ಮೊದಲೇ ಆಸ್ತಿಕರು. ಕಾರಿನ ಗಾಜು ಇಳಿಸಿ, ಟ್ಯಾಂಕರಿನ ಕಡೆಗೇ ಕೈ ಮುಗಿದು, ಜೆಪ್ಪುವಿನ ಅಮ್ಮನವರನ್ನು ಕೂಗಿ ಕರೆದರು. “ಅಮ್ಮನವರೇ, ಈ ಮಗುವಿನ ಹೊಟ್ಟೆ ಸರಿ ಮಾಡಿ ಕೊಡಿ. ನಿಮ್ಮ ಎದುರು ಇವಳನ್ನು ಹುಲಿ ಕುಣಿಸ್ತೇನೆ!”

ಟ್ಯಾಂಕರಿನ ಡ್ರೈವರ್ ಬೆಚ್ಚಿ ಗಾಡಿ ಮುಂದೆ ತೆಗೆದ. ಅದನ್ನು ಕುಶಲಕ್ಕ ಒಪ್ಪಿಗೆ ಎಂದು ತೆಗೆದುಕೊಂಡರು.

ನಮ್ಮ ಊರಿನಲ್ಲಿ ಹುಲಿವೇಷ ಆಟವೂ ಹೌದು, ಹರಕೆಯೂ ಹೌದು. ಮಗುವಿನ ಕಾಯಿಲೆ ವಾಸಿಯಾದರೆ ನವರಾತ್ರಿಯಲ್ಲಿ ಹುಲಿವೇಷ ಹಾಕಿಸುತ್ತೇನೆಂದು ಹೇಳಿಕೊಳ್ಳುವುದು ಹಿಂದಿನಿಂದ ಬಂದದ್ದು. ಮೈಗೆ ಹಳದಿ ಬಣ್ಣ, ಕಪ್ಪು ಪಟ್ಟೆ, ಬಾಲ, ತಾಸೆ ವಾದ್ಯದ ಬಡಿತಕ್ಕೆ ಬೀದಿಬೀದಿಯಲ್ಲಿ ಕುಣಿತ, ಕೊನೆಗೆ ದೇವಿಯ ಎದುರು ಒಂದು ಕುಣಿತ. ಅಲ್ಲಿಗೆ ಹರಕೆ ಸಂದ ಹಾಗೆ. ಈಗೀಗ ಹೆಣ್ಣುಮಕ್ಕಳೂ ಮೈಗಂಟುವ ಹಳದಿ ಅಂಗಿ ತೊಟ್ಟು ಕುಣಿಯುತ್ತಾರೆ. ಇಲ್ಲಿಯವರೆಗೆ ಎಲ್ಲವೂ ಸರಿ. ತೊಂದರೆ ಎಲ್ಲಿ ಎಂದರೆ, ಇಂಥ ಹರಕೆಗಳೆಲ್ಲ ಜ್ವರ, ದಡಾರ, ಮಂಗನಬಾವಿನಂಥ, ಬಂದು ಹೋಗುವ ಕಾಯಿಲೆಗಳ ಕಾಲದಲ್ಲಿ ಹುಟ್ಟಿದವು. ಬಂದು ಕೂತು ಹೋಗದೇ ಇರುವ ಕಾಯಿಲೆಗೆ ಹರಕೆಯ ಕಾನೂನಿನಲ್ಲಿ ಕಲಮು ಇರಲಿಲ್ಲ.

ಮಾತ್ರೆಗಳು ಕೆಲಸ ಮಾಡಿದವು. ನಿಧಾನವಾಗಿ ರಕ್ತ ನಿಂತಿತು, ನೋವು ಇಳಿಯಿತು, ಸ್ಟಿರಾಯ್ಡ್ ಬಿಡಿಸಿದ ಮೇಲೆ ಮುಖದ ಹುಣ್ಣಿಮೆ ತದಿಗೆಗೆ ಬಂತು. ಉಳಿದದ್ದು ಬೆಳಿಗ್ಗೆ, ರಾತ್ರಿ ನುಂಗುವ ಉದ್ದನೆಯ ಮಾತ್ರೆ. ಒಂದು ವರ್ಷ ಹಾಗೆ ಶಾಂತವಾಗಿ ಕಳೆದಾಗ ಕುಶಲಕ್ಕ ಡಾಕ್ಟರ್ ಹೆಲನ್ ಅವರ ಎದುರು ಕುಳಿತು ನೇರವಾಗಿ ಕೇಳಿದರು.

“ಡಾಕ್ಟ್ರೇ, ಗುಣ ಆಯ್ತಾ?”

“ರೆಮಿಷನ್‌ನಲ್ಲಿದ್ದಾಳೆ ಅಮ್ಮ.”

“ಅದು ಯಾವ ಮಿಷನ್? ಬಾಸೆಲ್ ಮಿಷನ್ ಕೇಳಿದ್ದೇನೆ.”

“ಅಂದ್ರೆ, ಕಾಯಿಲೆ ಮಲಗಿದೆ. ಹೋಗಿಲ್ಲ. ಮಾತ್ರೆ ಬಿಟ್ರೆ ಎದ್ದು ಕೂರ್ತದೆ. ಬಿಡ್ಲಿಕ್ಕಿಲ್ಲ.”

“ಎಷ್ಟು ದಿನ?”

“ದಿನದ ಲೆಕ್ಕ ಇಲ್ಲ ಅಮ್ಮ. ವರ್ಷಗಟ್ಟಲೆ. ಬಹುಶಃ ಯಾವಾಗ್ಲೂ.”

ಕುಶಲಕ್ಕ ಆ ಉತ್ತರವನ್ನು ಬಟ್ಟೆಯ ಹಾಗೆ ಅಳೆದು, ತಮಗೆ ಬೇಕಾದಷ್ಟನ್ನು ಕತ್ತರಿಸಿ ಮನೆಗೆ ತಂದರು. ‘ಮಲಗಿದೆ’ ಎಂಬಷ್ಟನ್ನು.

“ಮಲಗಿಸಿದ್ದು ಯಾರು?” ರಾತ್ರಿ ಊಟಕ್ಕೆ ಕೂತಾಗ ಅವರು ಸಭೆಯ ಮುಂದೆ ಪ್ರಶ್ನೆ ಇಟ್ಟರು.

“ಮಾತ್ರೆ,” ಎಂದಳು ಪ್ರಣೀತಾ.

“ಅಮ್ಮನವರು,” ಎಂದರು ಕುಶಲಕ್ಕ. “ಮಾತು ಕೊಟ್ಟಿದ್ದೇನೆ. ಅವರು ಅವರ ಕೆಲಸ ಮಾಡಿ ಆಯ್ತು. ಈ ನವರಾತ್ರಿಗೆ ಹುಲಿ ಕುಣಿಸುದು. ಮರುದಿನದಿಂದ ಮಾತ್ರೆ ಬಂದ್.”

“ಎಂತ ಮಾಮಿ ನೀವು ಹೇಳುದು? ಹುಲಿಗೂ ಮಾತ್ರೆಗೂ ಎಂತ ಸಂಬಂಧ?”

“ಸಂಬಂಧ ಉಂಟು. ರವಿಕೆ ಸರಿ ಆಯ್ತು ಅಂತ ಹೇಳಿ ನನ್ನ ಕೈಯಿಂದ ತಗೊಂಡು ಹೋಗಿ, ಮನೆಯಲ್ಲಿ ಇನ್ನೊಬ್ಬ ಟೈಲರನ್ನು ಕೂರಿಸಿ ರಿಪೇರಿ ಮಾಡಿಸಿದ್ರೆ ನನಗೆ ಹೇಗಾಗ್ಬೇಡ? ಅಮ್ಮನವರಿಗೂ ಹಾಗೇ. ಹರಕೆ ಸಲ್ಲಿಸಿದ ಮೇಲೆ ಮಾತ್ರೆ ನುಂಗುದು ಅಂದ್ರೆ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ.”

“ಹಾಗಾದ್ರೆ ಹುಲಿಯೇ ಬಂದ್,” ಎಂದಳು ಪ್ರಣೀತಾ. “ಹೊಟ್ಟೆ ಗುಣ ಆದ್ರೆ ಅಲ್ವಾ ಹರಕೆ? ಗುಣ ಆಗಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. ಹರಕೆಯ ಟೈಮೇ ಬರ್ಲಿಲ್ಲ.”

ಇಬ್ಬರೂ ಯೋಗೀಶನ ಕಡೆ ನೋಡಿದರು. ಬಲ್ಮಠದ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವ ಯೋಗೀಶ್ ಇಲಾಸ್ಟಿಕ್ ಮನುಷ್ಯ. ಯಾರು ಎಳೆದರೂ ಆ ಕಡೆ ಬರುತ್ತಾನೆ, ಬಿಟ್ಟ ಕೂಡಲೇ ಮೊದಲಿನ ಜಾಗಕ್ಕೆ ಹೋಗುತ್ತಾನೆ. “ಇಬ್ರು ಹೇಳುದೂ ಸರಿ ಉಂಟಲ್ಲ,” ಎಂದು ಅವನು ಮೀನಿನ ಮುಳ್ಳು ತೆಗೆಯುವುದರಲ್ಲಿ ಮುಳುಗಿದ.

ಆಗ ನಿರೀಕ್ಷಾ, “ನನಗೆ ಹುಲಿ ಆಗ್ಬೇಕು,” ಎಂದಳು.

ಮೂವರೂ ತಿನ್ನುವುದನ್ನು ನಿಲ್ಲಿಸಿದರು. ಕಾಯಿಲೆ ಶುರುವಾದಂದಿನಿಂದ ಆ ಹುಡುಗಿಯ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಶಬ್ದ, ಬೇಡ. ಶಾಲೆಯ ಟೂರು ಬೇಡ, ಫ್ರೆಂಡಿನ ಬರ್ತ್‌ಡೇ ಬೇಡ, ಬೀಚು ಬೇಡ. ಎಲ್ಲಿ ಹೋದರೂ ಅಲ್ಲಿ ಬಾತ್‌ರೂಮ್ ಎಷ್ಟು ದೂರವೋ ಎಂಬ ಹೆದರಿಕೆ. ಆ ಬಾಯಿಂದ ಬಂದ ಮೊದಲ ‘ಬೇಕು’ ಇದು. ಪ್ರಣೀತಾ ಆಮೇಲೆ ಹುಲಿ ಬೇಡವೆಂದು ಹೇಳಲಿಲ್ಲ. ಆದರೆ ಅವಳಿಗೆ ಭಯ ಹೋಗಲಿಲ್ಲ. ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೆಲಸಕ್ಕೆ ಅವಳು ಬೆಳಿಗ್ಗೆ ಬೇಗ ಹೊರಡಬೇಕು; ಮಗುವಿಗೆ ಮಾತ್ರೆ ಕೊಡುವುದು ಕುಶಲಕ್ಕ. ಕೊಡುವ ಕೈಯೇ ನಿಲ್ಲಿಸಿದರೆ? ಹುಡುಗಿಗೋ ಅಜ್ಜಿಯ ಮಾತೆಂದರೆ ವೇದ.

ತೀರ್ಪಿಗೆ ಬೂಬಣ್ಣನನ್ನು ಕರೆಸಿದರು. ಬೂಬಣ್ಣ ನಮ್ಮ ಓಣಿಯ ಹುಲಿ ತಂಡದ ಯಜಮಾನ. ಪ್ರಾಯದಲ್ಲಿ ಹಲ್ಲಿನಿಂದ ಅಕ್ಕಿಮುಡಿ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದ ಹುಲಿ. ಈಗ ಆ ಹಲ್ಲುಗಳೇ ಬಾಯಿಯನ್ನು ಬಿಟ್ಟುಹೋಗಿವೆ. ಅವರು ಚಾ ಕುಡಿದು, ಎರಡೂ ಪಕ್ಷ ಕೇಳಿ ಹೇಳಿದರು.

“ನೋಡಿ ಕುಶಲಕ್ಕ, ಹರಕೆ ಸಲ್ಲುದು ಅಮ್ಮನವರ ಎದುರು ಕುಣಿದ ಮೇಲೆ. ಅಲ್ಲಿವರೆಗೆ ಮಾತ್ರೆ ಕೊಡಿ, ಯಾರಿಗೂ ಅವಮಾನ ಇಲ್ಲ. ಮತ್ತಿನದ್ದು ಮತ್ತೆ ಜಗಳ ಮಾಡಿ. ಈಗ್ಲೇ ಮಾಡಿದ್ರೆ ನನ್ನ ತಾಸೆಯವರಿಗೆ ಅಡ್ವಾನ್ಸ್ ಹೇಗೆ ಕೊಡುದು?”

ಜಗಳ ಮುಂದಕ್ಕೆ ಹೋಯಿತು. ಆದರೆ ಮನೆಯಲ್ಲಿ ಟೈಲರ್ ಇರುವಾಗ ಬಟ್ಟೆಯ ಬಗ್ಗೆ ಜಗಳವಾಗದೆ ಇರುತ್ತದೆಯೇ?

ಹುಲಿಗೆ ಹೊಲಿಗೆ ಕುಶಲಕ್ಕನದ್ದೇ. ಹಳದಿ ಬಣ್ಣದ, ಎಳೆದರೆ ಹಿಗ್ಗುವ ಬಟ್ಟೆ ತಂದು ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ತುಂಡಾಗಿ ಕತ್ತರಿಸಿದರು. ಅದನ್ನು ನೋಡಿ ಪ್ರಣೀತಾ, “ಮಾಮಿ, ಮೇಲಿಂದು ಬೇರೆ, ಕೆಳಗಿಂದು ಬೇರೆ ಮಾಡಿ. ನಡುವಿಗೆ ಇಲಾಸ್ಟಿಕ್ ಹಾಕಿ. ಮಗುವಿಗೆ ಅರ್ಜೆಂಟ್ ಆದ್ರೆ?” ಎಂದಳು.

ಕುಶಲಕ್ಕನ ಕತ್ತರಿ ಗಾ‍ಳಿಯಲ್ಲೇ ನಿಂತಿತು. “ಅರ್ಜೆಂಟ್ ಆಗುದಿಲ್ಲ ಅಂತಲೇ ಅಲ್ವಾ ಹರಕೆ? ಹರಕೆ ಹುಲಿಗೆ ಇಲಾಸ್ಟಿಕ್ ಹಾಕಿದ್ರೆ ಅಮ್ಮನವರು ಕೇಳುದಿಲ್ವಾ, ‘ಎಂತ ಕುಶಲ, ನಾನು ಸರಿ ಮಾಡಿದ್ದು ನಿನಗೆ ಡೌಟಾ’ ಅಂತ?”

“ಅಮ್ಮನವರು ಇಲಾಸ್ಟಿಕ್ ನೋಡ್ಲಿಕ್ಕೆ ಬರ್ತಾರಾ?”

“ಅವರಿಗೆ ಒಳಗಿನ ಹೊಲಿಗೆಯೂ ಕಾಣ್ತದೆ. ಮತ್ತೆ, ಎರಡು ತುಂಡು ಇರುವ ಹುಲಿಯನ್ನು ನೀನು ಎಲ್ಲಿಯಾದರೂ ನೋಡಿದ್ದೀಯಾ?”

ಕಾಡಿನಲ್ಲಿ ನೋಡಿದವರು ಯಾರೂ ಅಲ್ಲಿರಲಿಲ್ಲವಾದ್ದರಿಂದ ಹುಲಿ ಒಂದೇ ತುಂಡಾಯಿತು. ಬೆನ್ನಲ್ಲಿ ಮಾತ್ರ ತೆರೆದಿತ್ತು. ಹಾಕಿಸಿದ ಮೇಲೆ ಅದನ್ನೂ ಕೈಹೊಲಿಗೆಯಿಂದ ಮುಚ್ಚುವುದೆಂದು ತೀರ್ಮಾನ. ಪ್ರಣೀತಾ ಒಂದು ಚೀಲದಲ್ಲಿ ಬೇರೆ ಬಟ್ಟೆ, ಟವೆಲು, ಟಿಶ್ಯೂ ಎಲ್ಲ ತುಂಬಿ, ಆ ಚೀಲವನ್ನು ಹೆಗಲಿಂದ ಇಳಿಸುವುದಿಲ್ಲವೆಂದು ತಾನೂ ಮನಸ್ಸಿನಲ್ಲಿ ಏನೋ ಹೇಳಿಕೊಂಡಳು.

ವೇಷದ ದಿನ ಬೆಳಿಗ್ಗೆ ಮಾತ್ರೆ ಆಯಿತು. ಹುಡುಗಿಯ ಬೆನ್ನ ಮೇಲೆ ಹೊಲಿಗೆ ಬಿತ್ತು. ಅದರ ಮೇಲೆ ವೆಲ್ವೆಟ್ಟಿನ ಪಟ್ಟೆ ಚಡ್ಡಿ, ಸೊಂಟಕ್ಕೆ ಬಾಲದ ಬೆಲ್ಟು, ಕಾಲಿಗೆ ಗೆಜ್ಜೆ, ಕೈಗೆ ಉಗುರು ಹಚ್ಚಿದ ಹುಲಿಯ ಪಂಜ. ಮುಖಕ್ಕೆ ಬೂಬಣ್ಣನೇ ಬಣ್ಣ ಬರೆದರು. ಕನ್ನಡಿ ಹಿಡಿದಾಗ ನಿರೀಕ್ಷಾ ತುಂಬ ಹೊತ್ತು ನೋಡಿದಳು. ಸ್ಟಿರಾಯ್ಡಿನ ಮುಖ ಅಲ್ಲ, ಕಾಯಿಲೆಯ ಮುಖ ಅಲ್ಲ. ಹಲ್ಲು ಕಿರಿದು ಒಮ್ಮೆ ಗರ್ರ್ ಎಂದಳು. ಯೋಗೀಶ್ ಹೆದರಿದ ಹಾಗೆ ಮಾಡಿ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ.

ತಂಡ ಹೊರಟಿತು. ಬೀದಿಯುದ್ದಕ್ಕೂ ಅಂಗಡಿಗಳ ಎದುರು, ಮನೆಗಳ ಎದುರು ಕುಣಿತ. ಎಲ್ಲರಿಗಿಂತ ಸಣ್ಣ ಹುಲಿಯ ಮೇಲೆ ಎಲ್ಲರ ಕಣ್ಣು. ಇಗರ್ಜಿಯ ಹತ್ತಿರ ಶಾಲೆಯ ಗೆಳತಿಯರು ಗೇಟು ಹತ್ತಿ ಕಿರುಚಿದರು. ಕುಶಲಕ್ಕ ರೇಷ್ಮೆ ಸೀರೆಯುಟ್ಟು, ಪಟ್ಟದ ಆನೆಯ ಹಾಗೆ ಜೊತೆಯಲ್ಲಿ ನಡೆದರು. ಬಿಸಿಲಲ್ಲಿ ಮಗು ಬಾಡುತ್ತದೆಂದು ಸಿಕ್ಕಿದಲ್ಲೆಲ್ಲ ನಿಲ್ಲಿಸಿ ಬೊಂಡ ಕುಡಿಸಿದರು. ಎಳನೀರು ಹೊಟ್ಟೆಗೆ ತಂಪು ಎಂಬುದು ಸರಿ. ಹೊಟ್ಟೆಗೆ ಹೋದದ್ದು ಅಲ್ಲೇ ನಿಲ್ಲುವುದಿಲ್ಲ ಎಂಬುದನ್ನು ಸಂಭ್ರಮದಲ್ಲಿ ಅವರು ಮರೆತರು.

ಹಾಶಿಂ ಅವರ ಕೊಡೆ, ಚಪ್ಪಲಿ ಅಂಗಡಿಯ ಎದುರು ಪ್ರತಿವರ್ಷ ದೊಡ್ಡ ಕುಣಿತ. ಅಂಗಡಿಯ ಹಿಂದೆಯೇ ಅವರ ಮನೆ. ಹಾಶಿಂ ಹೆಂಡತಿ ಬೀಫಾತಿಮ್ಮ ಕುಶಲಕ್ಕನ ಹಳೆಯ ಗಿರಾಕಿ. ಅಲ್ಲಿ ತಾಸೆ ತಾರಕಕ್ಕೆ ಏರಿದಾಗ ಸಣ್ಣ ಹುಲಿ ಇದ್ದಕ್ಕಿದ್ದ ಹಾಗೆ ಕುಣಿತ ನಿಲ್ಲಿಸಿ, ತೊಡೆಗೆ ತೊಡೆ ಒತ್ತಿ, ಅಜ್ಜಿಯ ಕಡೆಗೆ ಪಂಜ ಎತ್ತಿತು. ನಮ್ಮ ಕಾನ್ವೆಂಟುಗಳಲ್ಲಿ ಇದಕ್ಕೆ ಒಂದು ಭಾಷೆ ಇದೆ: ಒಂದಕ್ಕೆ ಒಂದು ಬೆರಳು, ಎರಡಕ್ಕೆ ಎರಡು, ಬಾಯಿಬಿಟ್ಟು ಹೇಳಿದರೆ ನಮಗೆ ಕಲಿಸಿದ ಸಿಸ್ಟರ್ ಸೆವರಿನ್ ಕೆಂಪಾಗುತ್ತಿದ್ದರು. ಆದರೆ ಹುಲಿಯ ಪಂಜದಲ್ಲಿ ಬೆರಳೆಲ್ಲ ಒಂದೇ. ನಿರೀಕ್ಷಾ ಏನೋ ಕೂಗಿದಳು. ತಾಸೆಯ ಸದ್ದಿನಲ್ಲಿ ಅದು ಕೇಳಲಿಲ್ಲ.

ಕುಶಲಕ್ಕನ ಮುಖದ ಬಣ್ಣ ಇಳಿಯಿತು. ಮೊಮ್ಮಗಳ ರಟ್ಟೆ ಹಿಡಿದು ಅಂಗಡಿಯ ಬದಿಯ ಓಣಿಯಲ್ಲಿ ಓಡಿದರು. ಹಿಂದಿನಿಂದ ಚೀಲ ಹೊತ್ತು ಪ್ರಣೀತಾ. ಮುಂದಿನದ್ದನ್ನು ನನಗೆ ಹೇಳಿದವರು ಬೀಫಾತಿಮ್ಮ. ಕುಶಲಕ್ಕ ಆ ವಿಷಯ ತೆಗೆದರೆ ಕಿವಿ ಕೇಳದವರಾಗುತ್ತಾರೆ.

“ಬೀಫಾತಿಮ್ಮಾ! ಬಾತ್‌ರೂಮ್! ಕತ್ತರಿ!”

“ಅಲ್ಲಾ, ಎಂತ ಆಯ್ತು ಕುಶಲಕ್ಕ?”

“ಕತ್ತರಿ ಕೊಡು ಮಾರಾಯ್ತಿ, ಹುಲಿಯನ್ನು ಕತ್ತರಿಸ್ಬೇಕು!”

ನಲವತ್ತು ವರ್ಷ ಕತ್ತರಿ ಕೈಯಲ್ಲಿ ಹಿಡಿದ ಟೈಲರ್ ಆ ಒಂದು ದಿನ ರೇಷ್ಮೆ ಸೀರೆಯ ಗತ್ತಿನಲ್ಲಿ ಕತ್ತರಿ ಬಿಟ್ಟು ಬಂದಿದ್ದರು. ಬೀಫಾತಿಮ್ಮ ಅಡುಗೆಮನೆಗೆ ಓಡಿ, ಸಿಕ್ಕಿದ್ದನ್ನು ತಂದರು. ಅದು ಮೀನಿನ ರೆಕ್ಕೆ ಕತ್ತರಿಸುವ ಕತ್ತರಿ. ಬಂಗುಡೆಯ ವಾಸನೆ ಇನ್ನೂ ಹೋಗಿರಲಿಲ್ಲ. ಬಾಲದ ಬೆಲ್ಟು ಬಿಚ್ಚಿ, ಚಡ್ಡಿ ಇಳಿಸಿ, ಕುಶಲಕ್ಕ ತಮ್ಮ ಕೈಯಾರೆ ಹೊಲಿದ ಹುಲಿಯನ್ನು ಸೊಂಟದ ಸುತ್ತ ಕತ್ತರಿಸಲು ಶುರು ಮಾಡಿದರು. ಬಾಯಿಯೂ ನಿಲ್ಲಲಿಲ್ಲ.

“ಅಮ್ಮನವರೇ, ತಪ್ಪಾಯ್ತು! ನಾನು ಹೆಚ್ಚು ಮಾತಾಡಿದೆ!”

“ಅಜ್ಜೀ...”

“ನೀನು ಮಾತಾಡ್ಬೇಡ, ಹಿಡ್ಕೊ! ಅಮ್ಮನವರೇ, ಅಷ್ಟು ಜನರ ಎದುರು ಈ ಮಗುವಿನ ಮಾನ ಒಂದು ಉಳಿಸಿ ಕೊಡಿ...”

“ಅಜ್ಜೀ, ಅದಲ್ಲ...”

“ಹಿಡ್ಕೊ ಹೇಳಿದ್ದು! ಮಾನ ಉಳಿಸಿ ಕೊಡಿ, ನಾನು ಮಾತ್ರೆ ನಿಲ್ಲಿಸುದಿಲ್ಲ. ನನಗೆ ಉಸಿರು ಇರುವಷ್ಟು ದಿನ ನನ್ನ ಕೈಯಿಂದಲೇ ಕೊಡ್ತೇನೆ. ಇದು ನಿಮ್ಮ ಮೇಲೆ ಆಣೆ!”

ಕೊನೆಯ ಎಳೆ ತುಂಡಾಯಿತು. ಹುಲಿಯ ಅರ್ಧ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡಿತು. ಮಗಳಿಗೆ ಸದ್ದು ಬೇಕಾದೀತೆಂದು ಪ್ರಣೀತಾ ಕಿಟಕಿಯಿಂದ ಬೂಬಣ್ಣನಿಗೆ ಕೈಸನ್ನೆ ಮಾಡಿದಳು. ಬೂಬಣ್ಣನಿಗೆ ಏನು ಅರ್ಥವಾಯಿತೋ, ತಾಸೆಯವರು ಜನ್ಮದಲ್ಲಿ ಬಾರಿಸದ ಹಾಗೆ ಬಾರಿಸಿದರು. ಬಾಗಿಲ ಹೊರಗೆ ಕುಶಲಕ್ಕ ಮೀನಿನ ಕತ್ತರಿಯನ್ನು ಎರಡು ಕೈಯ ನಡುವೆ ಹಿಡಿದು ಮುಗಿದುಕೊಂಡೇ ನಿಂತಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಹಳದಿ ಮುಖದಲ್ಲಿ ಭಾರೀ ಸಮಾಧಾನ.

“ರಕ್ತ ಉಂಟಾ ಮಗಾ? ನೋವುಂಟಾ?”

“ಎಂಥ ರಕ್ತ? ಅದಲ್ಲ ಅಂತ ಹೇಳ್ತಾ ಇದ್ದೆ, ಕೇಳಿದ್ರೆ ಅಲ್ವಾ? ಬರೀ ಉಚ್ಚೆ ಅಜ್ಜೀ! ದಾರಿಯಿಡೀ ಬೊಂಡ ಕುಡಿಸಿದ್ರೆ ಮತ್ತೆ?”

ತಾಸೆ ಹೊರಗೆ ಬಡಿಯುತ್ತಲೇ ಇತ್ತು. ಹೊಟ್ಟೆಗೆ ಯಾವ ಕಾಯಿಲೆಯೂ ಇಲ್ಲದ ಹುಲಿಗೂ ಒಂದು ದಾರಿ ಬೇಕು ಎಂಬ ಸಂಗತಿ ಅಷ್ಟು ದೊಡ್ಡ ಟೈಲರಿಗೆ ಹೊಳೆದಿರಲಿಲ್ಲ. ಮೊದಲು ನಕ್ಕವರು ಬೀಫಾತಿಮ್ಮ. ಆಮೇಲೆ ಪ್ರಣೀತಾ, ಗೋಡೆಗೆ ಒರಗಿ, ಚೀಲವನ್ನು ತಬ್ಬಿಕೊಂಡು.

ಕುಶಲಕ್ಕ ಕಣ್ಣು ಒರೆಸಿದರು. ಗಂಟಲು ಸರಿ ಮಾಡಿಕೊಂಡರು. “ಹಾಗಾದ್ರೆ... ಈಗ ಹೇಳಿದ ಹರಕೆ... ಅದು, ಆ ಕಾಯಿಲೆಯೇ ಅಂತ ಗ್ರಹಿಸಿ ಹೇಳಿದ್ದಲ್ವಾ? ಬರೀ ಇದು ಅಂತ ಗೊತ್ತಿದ್ರೆ...”

“ನಾನು ಕೇಳಿದ್ದೇನೆ ಮಾಮಿ,” ಎಂದಳು ಪ್ರಣೀತಾ.

“ನಾನೂ ಕೇಳಿದ್ದೇನೆ ಕುಶಲಕ್ಕ,” ಎಂದರು ಬೀಫಾತಿಮ್ಮ. “ನೀವು ಕೇಳಿದ್ದು ಎಂತ? ಮಗುವಿನ ಮಾನ ಉಳಿಸಿ ಅಂತ. ಉಳಿತಲ್ಲ? ಒಂದಾ, ಎರಡಾ ಅಂತ ಬಿಡಿಸಿ ಹೇಳ್ಲಿಲ್ಲ ನೀವು. ಮಾತು ಮಾತೇ.”

ಕುಶಲಕ್ಕ ಆ ಕಡೆ ಈ ಕಡೆ ನೋಡಿದರು. ಬಚ್ಚಲಿನ ಬಾಗಿಲಲ್ಲಿ ಕೊಟ್ಟ ಮಾತು ನಡೆಯುವುದಿಲ್ಲ ಎನ್ನೋಣವೆಂದರೆ, ನಂತೂರಿನ ಟ್ಯಾಂಕರಿನ ಎದುರು ಕೊಟ್ಟ ಮಾತು ನಡೆದಿತ್ತು. ಅವರದ್ದೇ ಕಾನೂನು, ಅವರ ಕುತ್ತಿಗೆಗೇ ಅಳತೆ ಸರಿಯಾಗಿ ಕೂತಿತ್ತು. “ನಗುದು ನಿಲ್ಲಿಸಿ ಪಿನ್ನು ಕೊಡು,” ಎಂದರು.

ಬೀಫಾತಿಮ್ಮ ತಮ್ಮ ಶಿರವಸ್ತ್ರದಲ್ಲಿದ್ದ ಪಿನ್ನುಗಳನ್ನು ಕಿತ್ತುಕೊಟ್ಟರು. ಸಾಲದ್ದಕ್ಕೆ ಒಳಗಿನಿಂದ ಪೆಟ್ಟಿಗೆಯನ್ನೇ ತಂದರು, ಹಸಿರು, ಗುಲಾಬಿ, ಮುತ್ತಿನ ತಲೆಯವು. ಕುಶಲಕ್ಕ ಅವನ್ನು ಬಾಯಲ್ಲಿ ಕಚ್ಚಿಕೊಂಡು, ಮೈಗೆ ಚುಚ್ಚದ ಹಾಗೆ ಸೊಂಟದ ಸುತ್ತ ಹಾಕಿ ಎರಡು ತುಂಡು ಹುಲಿಯನ್ನು ಒಂದು ಮಾಡಿದರು. ಮೇಲೆ ವೆಲ್ವೆಟ್ ಚಡ್ಡಿ ಏರಿತು, ಬಾಲ ಬಿಗಿಯಿತು. ಹುಲಿ ಹೊರಗೆ ಬಂದಾಗ ಹಾಶಿಂ, “ಎಂತ, ಹುಲಿ ನೀರು ಕುಡಿಲಿಕ್ಕೆ ಹೋಗಿತ್ತಾ?” ಎಂದು ಕೇಳಿದರು. “ಅದರ ಉಲ್ಟಾ,” ಎಂದಳು ನಿರೀಕ್ಷಾ, ಯಾರ ಹೆದರಿಕೆಯೂ ಇಲ್ಲದೆ, ಗಟ್ಟಿಯಾಗಿ. ಎಷ್ಟೋ ಕಾಲದ ಮೇಲೆ ಆ ವಿಷಯದಲ್ಲಿ ಅವಳ ಬಾಯಿಂದ ಬಂದ ಮೊದಲ ಜೋಕು ಅದು.

ಸಂಜೆ ಅಮ್ಮನವರ ಎದುರು ಸಣ್ಣ ಹುಲಿ ಮನಸಾರೆ ಕುಣಿಯಿತು. ಸೇರಿದ ಜನ ಅದರ ಹೆಜ್ಜೆ ನೋಡಿದರು, ಕುಶಲಕ್ಕ ಪಿನ್ನು ನೋಡಿದರು. ಒಂದೂ ಬೀಳಲಿಲ್ಲ. ಆರತಿಯ ಹೊತ್ತಿಗೆ ಎಲ್ಲರೂ ಏನಾದರೂ ಹೇಳಿಕೊಳ್ಳುತ್ತಿದ್ದಾಗ ಅವರೊಬ್ಬರು ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಇನ್ನೊಂದು ಹರಕೆ ಬಾಯಿಂದ ಜಾರೀತೆಂಬ ಭಯ.

ಮರುದಿನ ಬೆಳಿಗ್ಗೆ ಪ್ರಣೀತಾ ಕೆಲಸಕ್ಕೆ ಹೊರಡದೆ ಬಾಗಿಲ ಬಳಿ ಚಪ್ಪಲಿ ಹುಡುಕುವ ನೆವದಲ್ಲಿ ನಿಂತಳು. ಒಳಗಿನಿಂದ ಕುಶಲಕ್ಕನ ಸ್ವರ ಮುಖ್ಯರಸ್ತೆಗೆ ಕೇಳುವ ಹಾಗೆ ಬಂತು. “ಏ ನಿರೀಕ್ಷಾ! ಮಾತ್ರೆ ನುಂಗು ಬಾ! ನನ್ನನ್ನು ಅಮ್ಮನವರ ಹತ್ರ ಸುಳ್ಳಿ ಮಾಡ್ಬೇಡ!” ಪ್ರಣೀತಾಳಿಗೆ ಚಪ್ಪಲಿ ಕೂಡಲೇ ಸಿಕ್ಕಿತು.

ಈಗ ತೊಂದರೆಯಲ್ಲಿರುವವರು ಡಾಕ್ಟರ್ ಹೆಲನ್. ಮೊನ್ನೆ ತಪಾಸಣೆಗೆ ಹೋದಾಗ ವರದಿಗಳೆಲ್ಲ ಒಳ್ಳೆಯದಿದ್ದವು. ಅವರು ಖುಷಿಯಿಂದ, “ಮಾತ್ರೆಯನ್ನು ಸ್ವಲ್ಪ ಕಡಿಮೆ ಮಾಡುವ,” ಎಂದರು. ಕುಶಲಕ್ಕ ಕುರ್ಚಿಯಿಂದ ಎದ್ದೇಬಿಟ್ಟರು.

“ಆಗುದಿಲ್ಲ ಡಾಕ್ಟ್ರೇ.”

“ಅಮ್ಮ, ನಿಲ್ಲಿಸುದಲ್ಲ. ಈಗ ಅಷ್ಟು ಡೋಸ್ ಬೇಡ. ರಾತ್ರಿದು ಮಾತ್ರ ಬಿಡುವ.”

“ರಾತ್ರಿದು ನೀವು ಬಿಡ್ಬಹುದು. ಆಣೆ ಹಾಕಿದವಳು ನಾನು.”

ಡಾಕ್ಟರ್ ಪ್ರಣೀತಾಳ ಕಡೆ ನೋಡಿದರು. ಪ್ರಣೀತಾ ಕಿಟಕಿಯ ಕಡೆ ನೋಡಿದಳು. ಕೊನೆಗೆ ಅವರು ಪೆನ್ನು ಕೆಳಗಿಟ್ಟು, ಕಥೆಯನ್ನೆಲ್ಲ ಮೊದಲಿನಿಂದ ಕೇಳಿಸಿಕೊಂಡರು. ಹೊರಗೆ ಪೇಷಂಟುಗಳ ಸಾಲು ಬೆಳೆಯಿತು. ಎಲ್ಲ ಮುಗಿದ ಮೇಲೆ ಡಾಕ್ಟರ್ ಕೇಳಿದರು.

“ಹೇಳುವಾಗ ಮಾತ್ರೆ ಕೊಡ್ತೇನೆ ಅಂದ್ರಾ, ದಿನಕ್ಕೆ ಇಷ್ಟು ಮಾತ್ರೆ ಕೊಡ್ತೇನೆ ಅಂದ್ರಾ?”

ಕುಶಲಕ್ಕ ಯೋಚಿಸಿದರು. “ಇಷ್ಟು ಅಂತ ಹೇಳ್ಲಿಲ್ಲ.”

“ಹಾಗಾದ್ರೆ ಬೆಳಿಗ್ಗೆದು ಕೊಟ್ರೆ ನಿಮ್ಮ ಆಣೆ ಉಳಿತದೆ.”

ಕುಶಲಕ್ಕ ಮತ್ತೆ ಕುಳಿತರು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲೂ ತೂತು ಕಾಣದೆ ಒಪ್ಪಿಕೊಂಡರು. “ಆಗ್ಬಹುದು. ಆದ್ರೆ ಡಾಕ್ಟ್ರೇ, ಬೆಳಿಗ್ಗೆದನ್ನು ಮುಟ್ಲಿಕ್ಕಿದ್ರೆ ಮೊದಲು ನನ್ನ ಹತ್ರ ಹೇಳ್ಬೇಕು. ನೀವು ಬರೆದು ಕೊಟ್ಟು ಕೂರ್ತೀರಿ. ಅಲ್ಲಿ ಹೋಗಿ ಉತ್ತರ ಕೊಡುದು ನಾನು.”

“ಖಂಡಿತ,” ಎಂದರು ಡಾಕ್ಟರ್, ನಗು ತಡೆದುಕೊಂಡು.

ಹೊರಗೆ ಬೆಂಚಿನ ಮೇಲೆ ಅದೇ ಪ್ರಾಯದ ಇನ್ನೊಬ್ಬ ಅಜ್ಜಿ, ಬಿಳಿಚಿಕೊಂಡ ಪುಟ್ಟ ಹುಡುಗನನ್ನು ಮಡಿಲಲ್ಲಿ ಮಲಗಿಸಿಕೊಂಡು ಕುಳಿತಿದ್ದರು. ತುಟಿ ಅಲ್ಲಾಡುತ್ತಿತ್ತು, ಕೈ ಮುಗಿದಿತ್ತು. ಕುಶಲಕ್ಕ ನಿರೀಕ್ಷಾಳ ಕೈ ಬಿಟ್ಟು ಅವರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತರು.

“ಇದೇ ಹೊಟ್ಟೆದಾ?” ಎಂದು ಕೇಳಿದರು. ಆ ಅಜ್ಜಿ ತಲೆಯಾಡಿಸಿದರು.

“ಹೆದರ್ಬೇಡಿ. ನಮ್ಮವಳು ನೋಡಿ, ಹೀಗೇ ಇದ್ದಳು. ಹರಕೆ ಹೇಳಿಕೊಳ್ಳಿ, ತೊಂದ್ರೆ ಇಲ್ಲ. ಆದ್ರೆ ಮಾತ್ರೆಯನ್ನು ಹರಕೆಯ ಒಳಗೇ ಸೇರಿಸಿ ಹೇಳಿ. ಹೊರಗೆ ಬಿಟ್ರೆ ಮತ್ತೆ ಭಾರೀ ಬಂಗ, ಕಷ್ಟ ಬರುದು ನಮಗೇ.”

ಆ ಅಜ್ಜಿ ಕಣ್ಣು ಮುಚ್ಚಿ, ಮೊದಲಿನಿಂದ ಮತ್ತೆ ಶುರು ಮಾಡಿದರು.